ಸಾಕುಪೋಷಣೆ (ಖಾಸಗಿ)

ಖಾಸಗಿ ಸಾಕುಪೋಷಣೆಯೆಂದರೆ ದತ್ತು ಕೊಡದೆ, ಸರ್ಕಾರಿ ಆದೇಶವೂ ಇಲ್ಲದೆ, ಹೆತ್ತವರ ಒಪ್ಪಿಗೆಯಿಂದ ಮಗುವನ್ನು ಬಂಧುಗಳು ಅಥವಾ ಪರಿಚಿತರು ತಮ್ಮ ಮನೆಯಲ್ಲಿ ಬೆಳೆಸುವ ವ್ಯವಸ್ಥೆ. ಕಲಬುರಗಿ ಜಿಲ್ಲೆಯಲ್ಲಿ ಇದರ ಬೇರು ಗುಳೆಯಲ್ಲಿದೆ. ಆಳಂದ ತಾಲ್ಲೂಕು, ನೆರೆಯ ಅಫಜಲಪುರ, ಜೇವರ್ಗಿ ಎಲ್ಲವೂ ಬಹುಮಟ್ಟಿಗೆ ಮಳೆ ನಂಬಿದ ತೊಗರಿ ಸೀಮೆ. ರಾಶಿ ಮುಗಿದ ಮೇಲೆ ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಹೋಗುವವರು ಶಾಲೆಗೆ ಹೋಗುವ ಮಕ್ಕಳನ್ನು ಅಜ್ಜಿಯ ಬಳಿಯೋ ಸೋದರಮಾವನ ಮನೆಯಲ್ಲೋ ಬಿಡುವುದುಂಟು.

ಕಾಗದವಿಲ್ಲ, ಮಾತೇ ಕರಾರು. ತೊಡಕೂ ಅಲ್ಲೇ. ಊಟ, ಓದು, ಔಷಧದ ಹೊಣೆ ಸಾಕಿದವರ ಹೆಗಲೇರಿದರೂ ಕಾನೂನುಬದ್ಧ ಪಾಲಕತ್ವ ತಾನಾಗಿ ಬರುವುದಿಲ್ಲ. ಅದನ್ನು 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ನ್ಯಾಯಾಲಯದಿಂದ ಪಡೆಯಬೇಕು. ಸಾಕಿದ್ದಷ್ಟರಿಂದ ಮಗುವಿಗೆ ಆ ಮನೆಯ ಆಸ್ತಿಯಲ್ಲಿ ವಾರಸು ಹಕ್ಕೂ ಹುಟ್ಟದು. ಸಾಕುಮಗು ಸಂಬಳವಿಲ್ಲದ ಮನೆಯಾಳಾಗುವುದು ಈ ಪದ್ಧತಿಯ ದೊಡ್ಡ ಅಪಾಯ.

ಅಧಿಕೃತ ಪೋಷಕತ್ವ ಇದಕ್ಕಿಂತ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಮಿನಂತೆ ಮಕ್ಕಳ ಕಲ್ಯಾಣ ಸಮಿತಿ ಕುಟುಂಬವನ್ನು ಪರಿಶೀಲಿಸಿ ಮಗುವನ್ನು ಒಪ್ಪಿಸುತ್ತದೆ, ಆಮೇಲೂ ಗಮನಿಸುತ್ತದೆ. ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ನೆರವುಂಟು. 2024ರ ಮಾದರಿ ಮಾರ್ಗಸೂಚಿ ಒಂಟಿ ವ್ಯಕ್ತಿಗಳಿಗೂ ಅವಕಾಶ ಕೊಟ್ಟಿತು. ಸಂಕಟದಲ್ಲಿರುವ ಮಗುವಿನ ಸಹಾಯವಾಣಿ 1098.