ಫೋನ್ ತಂತಿಯಲ್ಲಿ ಬಂದ ಅಂತರ್ಜಾಲ

ಮೋಡೆಮ್ ಕಿರುಚಿದ ಸದ್ದು ಇಂದಿನ ಮಕ್ಕಳಿಗೆ ಗೊತ್ತಿಲ್ಲ. ಆ ಕಥೆಯನ್ನು ನಾವು ತರಗತಿಯಲ್ಲಿ ಹೇಳುವುದುಂಟು.

1984ರ ಸುಮಾರಿಗೆ ರಿಕ್ ಆಡಮ್ಸ್ ಬರ್ಕ್ಲಿ ಯುನಿಕ್ಸ್‌ಗೆ 'ಸ್ಲಿಪ್' ಎಂಬ ವಿಧಾನವನ್ನು ಅಳವಡಿಸಿದರು. ಸೀರಿಯಲ್ ತಂತಿಯಲ್ಲಿ ಹೋಗುವ ಮಾಹಿತಿಯ ಪ್ರತಿ ಕಟ್ಟಿನ ಕೊನೆಗೆ 192 ಎಂಬ ಸಂಖ್ಯೆಯನ್ನು ಗುರುತಾಗಿ ಇಡುವುದೇ ಅದರ ಮುಖ್ಯ ಕೆಲಸ. ಎರಡೂ ಕಡೆಯ ಐಪಿ ವಿಳಾಸ ಮೊದಲೇ ಗೊತ್ತಿರಬೇಕಿತ್ತು. ಲೈನಿನ ಗದ್ದಲದಲ್ಲಿ ಅಕ್ಷರ ಕೆಟ್ಟರೂ ಸ್ಲಿಪ್‌ಗೆ ತಿಳಿಯುತ್ತಿರಲಿಲ್ಲ.

1989ರಲ್ಲಿ ಪಿಪಿಪಿಯ ನಿಯಮಗಳು ಪ್ರಕಟವಾದವು. ಇಲ್ಲಿ ಎರಡು ಯಂತ್ರಗಳು ಮೊದಲು ಮಾತಾಡಿಕೊಂಡು ವಿಳಾಸವನ್ನು ಗೊತ್ತುಮಾಡುತ್ತವೆ. ಕೆಟ್ಟ ಕಟ್ಟನ್ನು ಪತ್ತೆಹಚ್ಚಿ ಬಿಸಾಡುತ್ತವೆ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಜನರಿಗೆ ಅಂತರ್ಜಾಲವನ್ನು ತೆರೆಯಿತು. ವಿದ್ಯಾರ್ಥಿಗಳಿಗೆ ಸಿಕ್ಕಿದ್ದು ಅಕ್ಷರ ಮಾತ್ರ ಕಾಣುವ ಯುನಿಕ್ಸ್ ಶೆಲ್ ಖಾತೆ.

ಮಾತಿಗೆ ಮೊದಲು ಇಬ್ಬರೂ ಒಪ್ಪಿದ ಭಾಷೆ ಬೇಕು. ಗಡಿಯಲ್ಲಿ ಕನ್ನಡ ಕಲಿಸುವ ನಮಗೆ ಇದು ಹೊಸ ಪಾಠವಲ್ಲ.