'ಪರ್ಯಾಯ' : ಒಂದು ಶಬ್ದದ ಸಂಚಾರ

ಊಟಕ್ಕೆ ಕುಳಿತವನು 'ಸೈಂಧವವನ್ನು ತಾ' ಎಂದರೆ ಉಪ್ಪನ್ನು ತರಬೇಕು. ಪ್ರಯಾಣಕ್ಕೆ ಹೊರಟು ನಿಂತವನು ಅದೇ ಮಾತನ್ನಾಡಿದರೆ ಕುದುರೆಯನ್ನು ತರಬೇಕು. ಸಿಂಧುದೇಶದ ಉಪ್ಪು, ಕುದುರೆಗಳೆರಡಕ್ಕೂ ಸಂಸ್ಕೃತದಲ್ಲಿ ಸೈಂಧವವೆಂದೇ ಹೆಸರು. ಶಬ್ದದ ಅರ್ಥವನ್ನು ಸಂದರ್ಭವೇ ನಿರ್ಣಯಿಸುತ್ತದೆ ಎಂಬುದಕ್ಕೆ ಶಾಸ್ತ್ರಕಾರರು ಕೊಡುವ ಪ್ರಸಿದ್ಧ ದೃಷ್ಟಾಂತವಿದು. ಮಾಧ್ವರಿಗೆ ಚಿರಪರಿಚಿತವಾದ 'ಪರ್ಯಾಯ' ಶಬ್ದದ ಇತಿಹಾಸವೂ ಇದನ್ನೇ ಸಾರುತ್ತದೆ.

'ಪರಿ' ಎಂದರೆ ಸುತ್ತಲೂ. 'ಇ' ಧಾತುವಿಗೆ ಹೋಗು ಎಂಬರ್ಥ. ಪಾಣಿನಿಯ ವ್ಯಾಕರಣದಂತೆ ಕ್ರಮ ತಪ್ಪದೆ ಬರುವ ಸರದಿ 'ಪರ್ಯಾಯ'. ಆ ಅರ್ಥವಿಲ್ಲದೆಡೆ ರೂಪವು 'ಪರ್ಯಯ' ಎಂದಾಗುತ್ತದೆ. ಒಂದರ ಸ್ಥಾನದಲ್ಲಿ ಇನ್ನೊಂದು ಬರಬಹುದಾದ್ದರಿಂದ ಸಮಾನಾರ್ಥಕ ಶಬ್ದಗಳಿಗೂ ಪರ್ಯಾಯಪದಗಳೆಂಬ ಹೆಸರಿದೆ. ಇಂದಿನ ಕನ್ನಡ ಮತ್ತು ಮರಾಠಿಗಳಲ್ಲಿ 'ಬದಲಿ' ಎಂಬ ಅರ್ಥವೇ ಹೆಚ್ಚು ಬಳಕೆಯಲ್ಲಿದೆ.

ಉಡುಪಿಯಲ್ಲಿ ಮಾತ್ರ ಮೂಲಾರ್ಥವು ಅಚ್ಚಳಿಯದೆ ಉಳಿದಿದೆ. 13ನೆಯ ಶತಮಾನದಲ್ಲಿ ಶ್ರೀಮದಾಚಾರ್ಯರು ಶ್ರೀಕೃಷ್ಣನನ್ನು ಪ್ರತಿಷ್ಠಾಪಿಸಿ, ಪೂಜೆಯನ್ನು ಎಂಟು ಮಂದಿ ಯತಿಶಿಷ್ಯರಿಗೆ ವಹಿಸಿಕೊಟ್ಟರು. ಸಂಪ್ರದಾಯದಂತೆ, ಮೊದಲು ಒಬ್ಬೊಬ್ಬರ ಸರದಿ 2 ತಿಂಗಳು. 16 ತಿಂಗಳಿಗೆ ಒಂದು ಸುತ್ತು. ದೂರದೇಶಗಳಲ್ಲಿ ಸಂಚರಿಸಿ ಸಕಾಲಕ್ಕೆ ಹಿಂದಿರುಗಲು ಇಷ್ಟು ಅವಧಿ ಸಾಲದಾಗಿ, ಶ್ರೀವಾದಿರಾಜತೀರ್ಥರು ಅದನ್ನು 2 ವರ್ಷಗಳಿಗೆ ವಿಸ್ತರಿಸಿದರು. ಈ ವ್ಯವಸ್ಥೆ 1522ರಲ್ಲಿ ಆರಂಭವಾಯಿತೆಂದು ಪರಂಪರೆ ಹೇಳುತ್ತದೆ. ಅಲ್ಲಿಂದ 16 ವರ್ಷಗಳ 31 ಸುತ್ತುಗಳನ್ನು ಎಣಿಸಿದರೆ 2018 ಬರುತ್ತದೆ. ಆ ವರ್ಷ ಪಲಿಮಾರು ಮಠದ ಪರ್ಯಾಯದೊಡನೆ 32ನೆಯ ಸುತ್ತು ಪ್ರಾರಂಭವಾಯಿತು. ಶಬ್ದವು ಬದಲಾಗಲಿಲ್ಲ, ಅದು ಸೂಚಿಸುವ ಕಾಲ ಮಾತ್ರ ಹನ್ನೆರಡು ಪಟ್ಟಾಯಿತು.

ಇದೇ ಪರಿಸರದಲ್ಲಿ 'ಮುಹೂರ್ತ' ಶಬ್ದವೂ ಹೊಸ ಅರ್ಥವನ್ನು ಪಡೆದಿದೆ. ಮೂಲದಲ್ಲಿ ಅದು 48 ನಿಮಿಷಗಳ ಕಾಲಮಾನ, ಲೋಕರೂಢಿಯಲ್ಲಿ ಶುಭವೇಳೆ. ಉಡುಪಿಯಲ್ಲಾದರೋ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದರೆ ಪರ್ಯಾಯದ ಅನ್ನದಾನಕ್ಕಾಗಿ ಮೊದಲೇ ನಡೆಯುವ ಸಿದ್ಧತೆಯ ಶುಭಾರಂಭಗಳು.

ಈಗ ದಹಿಸರಿನ ಕನ್ನಡ ಮನೆಗಳತ್ತ ನೋಡೋಣ. ಇಲ್ಲಿಯ ಬಾಲಕನು ಶಾಲೆಯ ಮರಾಠಿ ಪ್ರಶ್ನೆಪತ್ರಿಕೆಯಲ್ಲಿ 'ಯೋಗ್ಯ ಪರ್ಯಾಯ ನಿವಡಾ', ಅಂದರೆ ಸರಿಯಾದ ಉತ್ತರವನ್ನು ಆರಿಸು, ಎಂದು ಓದುತ್ತಾನೆ. ರಸ್ತೆ ಅಗೆದಲ್ಲಿ 'ಪರ್ಯಾಯೀ ಮಾರ್ಗ' ಎಂಬ ಫಲಕವನ್ನು ಕಾಣುತ್ತಾನೆ. ಮನೆಯಲ್ಲಿ ಅಜ್ಜಿ 'ಈ ಸಲ ಪರ್ಯಾಯಕ್ಕೆ ಉಡುಪಿಗೆ ಹೋಗೋಣ' ಎಂದಾಗ, 'ಯಾವುದಕ್ಕೆ ಬದಲಿ?' ಎಂದು ಅವನಿಗೆ ತೋರಿದರೆ ಆಶ್ಚರ್ಯವಿಲ್ಲ. ಅವನು ಕಲಿತ ಅರ್ಥ ತಪ್ಪಲ್ಲ. ಆದರೆ ಅದು ಅಜ್ಜಿಯ ಅರ್ಥವಲ್ಲ.

ಇದು ಕೇವಲ ನಿಘಂಟಿನ ವಿಷಯವಲ್ಲ. ಆಯ್ಕೆಯಲ್ಲಿ ಬೇಕಾದುದನ್ನು ತೆಗೆದುಕೊಂಡು ಬೇಡವಾದುದನ್ನು ಬಿಡಬಹುದು. ಸರದಿಯಲ್ಲಿ ಹಾಗಲ್ಲ, ಬಂದಾಗ ಹೊರಬೇಕು, ಮುಗಿದಾಗ ಬಿಟ್ಟುಕೊಡಬೇಕು. ಜನವರಿ 18ರ ಬೆಳಗಿನ ಜಾವ ಅಕ್ಷಯಪಾತ್ರೆ, ಸಟ್ಟುಗಗಳನ್ನು ನಿರ್ಗಮಿಸುವ ಶ್ರೀಪಾದರು ಆಗಮಿಸುವವರಿಗೆ ಒಪ್ಪಿಸುವುದರಲ್ಲಿ ಈ ಎರಡೂ ಅಡಗಿವೆ. ಅರ್ಥ ಮರೆತರೆ ಸಮಾರಂಭ ಉಳಿದೀತು, ಸೇವಾಭಾವ ಉಳಿಯದು.

ಶಾಸ್ತ್ರದ ತಾತ್ಪರ್ಯವನ್ನು ನಿರ್ಣಯಿಸಲು ಉಪಕ್ರಮ, ಉಪಸಂಹಾರ, ಅಭ್ಯಾಸ ಮೊದಲಾದ ಲಿಂಗಗಳನ್ನು ಹೇಳಿದ್ದಾರೆ. ಅಲ್ಲಿ ಅಭ್ಯಾಸವೆಂದರೆ ಓದಲ್ಲ, ಮತ್ತೆ ಮತ್ತೆ ಹೇಳುವುದು. ಮನೆಮಾತಿಗೂ ಆ ಅಭ್ಯಾಸ ಅವಶ್ಯಕ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ ಎಂಬ ಎಂಟು ಹೆಸರುಗಳನ್ನು ಹಿರಿಯರು ಮಕ್ಕಳಿಂದ ಕ್ರಮವಾಗಿ ಹೇಳಿಸಿದರೆ ಸಾಕು. ಪರ್ಯಾಯವೆಂದರೆ ಸರದಿಯೆಂಬುದು ಬೇರೆ ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ.

ಶ್ರೀಕೃಷ್ಣಾರ್ಪಣಮಸ್ತು.