ಮೊಬೈಲ್ ನೇರಪ್ರಸಾರ: ಬೀದಿಯಿಂದ ಸದನ, ಕೋರ್ಟಿನವರೆಗೆ

ಮೊಬೈಲ್ ಫೋನಿನಿಂದ ನೇರಪ್ರಸಾರ ಮಾಡುವ ಪದ್ಧತಿ 2007–08ರ ಸುಮಾರಿಗೆ ಶುರುವಾಯಿತು. ಅಲ್ಲಿಯವರೆಗೆ ನೇರಪ್ರಸಾರಕ್ಕೆ ಓಬಿ ವ್ಯಾನು ಬೇಕಿತ್ತು, ಉಪಗ್ರಹದ ಸಂಪರ್ಕ ಬೇಕಿತ್ತು, ಬೆನ್ನಿಗೊಂದು ಟಿವಿ ಚಾನೆಲ್ ಬೇಕಿತ್ತು. ಕ್ವಿಕ್, ಸ್ವೀಡನ್ನಿನ ಬ್ಯಾಂಬ್ಯೂಸರ್ ಮುಂತಾದ ಸೇವೆಗಳು ಫೋನಿನ ಕ್ಯಾಮೆರಾ ಕಂಡದ್ದನ್ನು 3ಜಿ ಜಾಲದ ಮೂಲಕ ನೇರವಾಗಿ ಅಂತರ್ಜಾಲಕ್ಕೆ ಕಳಿಸತೊಡಗಿದವು. ಚಿತ್ರ ಮಸುಕಾಗಿರುತ್ತಿತ್ತು, ನಡುನಡುವೆ ನಿಂತುಹೋಗುತ್ತಿತ್ತು. ಆದರೆ ಅದರಲ್ಲೊಂದು ದೊಡ್ಡ ಅನುಕೂಲವಿತ್ತು: ತೆಗೆದ ದೃಶ್ಯ ಆ ಕ್ಷಣವೇ ದೂರದ ಸರ್ವರ್ ಸೇರುತ್ತಿತ್ತು. ಪೊಲೀಸರು ಫೋನನ್ನು ಕಿತ್ತುಕೊಂಡರೂ ಅಷ್ಟರವರೆಗಿನ ದಾಖಲೆ ಅಳಿಯುತ್ತಿರಲಿಲ್ಲ. ಈ ತಂತ್ರದ ರಾಜಕೀಯ ಬಲ ಹುಟ್ಟಿದ್ದೇ ಇಲ್ಲಿ.

ಅಧಿಕಾರದಲ್ಲಿದ್ದವರಿಗೆ ಇದು ಬೇಗನೆ ಅರ್ಥವಾಯಿತು. 2011ರ ಜನವರಿಯಲ್ಲಿ ಕೈರೋದ ತಹ್ರೀರ್ ಚೌಕದಲ್ಲಿ ಜನ ಸೇರಿದಾಗ ಈಜಿಪ್ಟ್ ಸರ್ಕಾರ ಬ್ಯಾಂಬ್ಯೂಸರನ್ನು ತಡೆಹಿಡಿಯಿತು. ಮರುವರ್ಷ ಸಿರಿಯಾದ ಹೋಮ್ಸ್ ನಗರದ ತೈಲ ಕೊಳವೆಗೆ ಬೆಂಕಿ ಬಿದ್ದು ಹೊಗೆ ಎದ್ದ ದೃಶ್ಯ ಜಗತ್ತಿಗೆ ಕಂಡ ಮೇಲೆ ಅಲ್ಲಿನ ಸರ್ಕಾರವೂ ಹಾಗೆಯೇ ಮಾಡಿತು.

ಮೊಬೈಲ್ ನೇರಪ್ರಸಾರ ಸಾಮಾನ್ಯರ ಕೈಗೆ ಬಂದದ್ದು 2015ರಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಮೀರ್ಕ್ಯಾಟ್, ಮಾರ್ಚ್ 26ರಂದು ಟ್ವಿಟರ್ ಒಡೆತನದ ಪೆರಿಸ್ಕೋಪ್ ಎಂಬ ಆ್ಯಪ್‌ಗಳು ಬಂದವು. ಪೆರಿಸ್ಕೋಪಿನ ಕಲ್ಪನೆ ಅದರ ಸಹಸ್ಥಾಪಕ ಕೇವನ್ ಬೇಕ್‌ಪೋರ್‌ಗೆ ಹೊಳೆದದ್ದು 2013ರ ಇಸ್ತಾಂಬುಲ್ ಪ್ರತಿಭಟನೆಯ ವೇಳೆ. ಅಲ್ಲಿ ಏನಾಗುತ್ತಿದೆ ಎಂದು ಟ್ವಿಟರಿನಲ್ಲಿ ಓದಬಹುದಿತ್ತು, ಕಣ್ಣಾರೆ ಕಾಣಲು ದಾರಿಯಿರಲಿಲ್ಲ. 2016ರ ಏಪ್ರಿಲ್ ಹೊತ್ತಿಗೆ ಫೇಸ್‌ಬುಕ್ ಲೈವ್ ಎಲ್ಲರಿಗೂ ತೆರೆದುಕೊಂಡಿತು. ನೋಡುವವರು ಆಗಲೇ ಪ್ರಶ್ನೆ ಬರೆಯಬಹುದು, ತೋರಿಸುವವರು ಅದನ್ನು ಓದಿ ಅಲ್ಲೇ ಉತ್ತರಿಸಬಹುದು. ಟಿವಿಗೆ ಇಲ್ಲದ ಈ ಗುಣದಿಂದಲೇ ಅದು ಜನಸಂಪರ್ಕದ ಸಾಧನವಾಯಿತು.

ಕ್ಯಾಮೆರಾ ಯಾರ ಹತೋಟಿಯಲ್ಲಿರಬೇಕು ಎಂಬ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಎದ್ದದ್ದು ಅಮೆರಿಕದ ಸಂಸತ್ತಿನಲ್ಲಿ. ಅಲ್ಲಿನ ಪ್ರತಿನಿಧಿ ಸಭೆಯ ಕಲಾಪ 1979ರಿಂದಲೂ ಟಿವಿಯಲ್ಲಿ ಬರುತ್ತಿದೆ. ಆದರೆ ಆ ಕ್ಯಾಮೆರಾಗಳು ಸಭೆಯವೇ. ಅವು ನಡೆಯುವುದು ಸ್ಪೀಕರ್ ಹತೋಟಿಯಲ್ಲಿ. 2016ರ ಜೂನ್ 12ರಂದು ಒರ್ಲಾಂಡೋದ ಗುಂಡಿನ ದಾಳಿಯಲ್ಲಿ 49 ಜನ ಸತ್ತರು. ಬಂದೂಕು ನಿಯಂತ್ರಣ ಮಸೂದೆಯನ್ನು ಮತಕ್ಕೆ ಹಾಕಬೇಕೆಂದು ಜೂನ್ 22ರಂದು ಜಾನ್ ಲೂಯಿಸ್ ನೇತೃತ್ವದಲ್ಲಿ ಡೆಮಾಕ್ರಟಿಕ್ ಸದಸ್ಯರು ಸದನದ ನೆಲದ ಮೇಲೆಯೇ ಧರಣಿ ಕೂತರು. ಲೂಯಿಸ್ 1960ರ ದಶಕದ ನಾಗರಿಕ ಹಕ್ಕುಗಳ ಹೋರಾಟದಲ್ಲಿ ಇಂಥ ಧರಣಿಗಳಲ್ಲಿ ಕೂತು ಬಂದವರು. ಸಭೆಯನ್ನು ಮುಂದೂಡಿದೊಡನೆ ಅಧಿಕೃತ ಕ್ಯಾಮೆರಾಗಳು ನಿಂತವು. ಆಗ ಸ್ಕಾಟ್ ಪೀಟರ್ಸ್ ಎಂಬ ಸದಸ್ಯರು ತಮ್ಮ ಫೋನಿನಲ್ಲಿ ಪೆರಿಸ್ಕೋಪ್ ತೆರೆದರು, ಉಳಿದವರು ಫೇಸ್‌ಬುಕ್ ಲೈವ್ ಹಿಡಿದರು. ಸಂಸತ್ತಿನ ಕಲಾಪ ತೋರಿಸಲೆಂದೇ ಇರುವ ಸಿ-ಸ್ಪ್ಯಾನ್ ವಾಹಿನಿ, ಬೇರೆ ಚಿತ್ರವಿಲ್ಲದ್ದರಿಂದ, ಈ ಫೋನುಗಳ ಪ್ರಸಾರವನ್ನೇ ತನ್ನ ಪರದೆಯ ಮೇಲೆ ಹಾಕಿತು. ಧರಣಿ ಸುಮಾರು 25 ಗಂಟೆ ನಡೆಯಿತು. ಅವರು ಕೇಳಿದ ಮತದಾನ ಮಾತ್ರ ನಡೆಯಲಿಲ್ಲ. ಮರುವರ್ಷದ ಜನವರಿಯಲ್ಲಿ ಹೊಸ ನಿಯಮ ಬಂತು: ಸದನದೊಳಗೆ ಚಿತ್ರೀಕರಿಸಿದರೆ ಮೊದಲ ಸಲ 500 ಡಾಲರ್, ಆಮೇಲೆ ಪ್ರತಿ ಸಲ 2,500 ಡಾಲರ್ ದಂಡ. ಸದನದ ಗೌರವದ ಹೆಸರಿನಲ್ಲಿ ಬಂದ ಈ ನಿಯಮ ಮತದಾರರ ಕಣ್ಣಿಗೆ ಹಾಕಿದ ಪರದೆಯೇ ಆಗಿತ್ತು.

2016ರ ಜುಲೈ 15ರ ರಾತ್ರಿ ಟರ್ಕಿಯಲ್ಲಿ ಸೈನಿಕ ದಂಗೆಯ ಯತ್ನ ನಡೆಯಿತು. ಅಧ್ಯಕ್ಷ ಎರ್ಡೋಗನ್ ವಿಡಿಯೋ ಕರೆಯಲ್ಲಿ ಸಿಎನ್‌ಎನ್ ಟರ್ಕ್ ವಾಹಿನಿಗೆ ಬಂದರು. ನಿರೂಪಕಿ ಫೋನನ್ನೇ ಸ್ಟುಡಿಯೋ ಕ್ಯಾಮೆರಾದ ಎದುರು ಹಿಡಿದರು. ಜನ ಬೀದಿಗಿಳಿಯಲಿ ಎಂಬ ಎರ್ಡೋಗನ್ ಕರೆ ದಂಗೆ ವಿಫಲವಾಗಲು ಮುಖ್ಯ ಕಾರಣಗಳಲ್ಲೊಂದು. ಪ್ರತಿಭಟನಕಾರರ ಕೈಯಲ್ಲಿ ಬೆಳೆದ ಸಾಧನ ಆ ರಾತ್ರಿ ಪ್ರಭುತ್ವವನ್ನು ಕಾಯಿತು.

ಈ ಸಾಧನದ ಕರಾಳ ಮುಖ 2019ರ ಮಾರ್ಚ್ 15ರಂದು ಕಂಡಿತು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನು ತನ್ನ ದಾಳಿಯನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ್ದ. ಮೊದಲ 24 ಗಂಟೆಗಳಲ್ಲೇ ಅದರ 15 ಲಕ್ಷ ಪ್ರತಿಗಳನ್ನು ಕಂಪನಿ ತೆಗೆದುಹಾಕಬೇಕಾಯಿತು. ಅದೇ ದೇಶದ ಅಂದಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಇದೇ ಸಾಧನವನ್ನು ಒಳ್ಳೆಯದಕ್ಕೂ ಬಳಸಿ ತೋರಿಸಿದರು. 2020ರ ಮಾರ್ಚ್ 25ರ ರಾತ್ರಿ, ಲಾಕ್‌ಡೌನ್ ಜಾರಿಯಾಗುವ ಮುನ್ನ, ಮಗುವನ್ನು ಮಲಗಿಸಿ ಮನೆಯುಡುಪಿನಲ್ಲೇ ಫೇಸ್‌ಬುಕ್ ಲೈವ್‌ಗೆ ಬಂದು ಜನರ ಪ್ರಶ್ನೆಗಳಿಗೆ ಉತ್ತರಿಸಿದರು. ಸರ್ಕಾರಗಳ ಜನಸಂಪರ್ಕಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಪೆರಿಸ್ಕೋಪ್ 2021ರ ಮಾರ್ಚ್ 31ರಂದು ಮುಚ್ಚಿತು. ಅಷ್ಟರಲ್ಲಿ ನೇರಪ್ರಸಾರ ಎಲ್ಲ ದೊಡ್ಡ ಜಾಲತಾಣಗಳ ಒಳಗೇ ಸೇರಿಹೋಗಿತ್ತು.

ಭಾರತದಲ್ಲಿ ಇದಕ್ಕೆ ನೆಲ ಹದವಾದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ನ್ಯಾಯಾಲಯದ ಕಲಾಪದ ನೇರಪ್ರಸಾರಕ್ಕೆ ಒಪ್ಪಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಆರಂಭಿಸಿತು. 2022ರ ಫೆಬ್ರವರಿಯಲ್ಲಿ ಹಿಜಾಬ್ ಪ್ರಕರಣದ ವಾದಗಳನ್ನು ಕೋರ್ಟಿನ ಮೆಟ್ಟಿಲು ಹತ್ತದ ಜನರೂ ತಮ್ಮ ಫೋನಿನಲ್ಲೇ ಕೇಳಿದರು. ಇಲ್ಲಿ ಕ್ಯಾಮೆರಾ ನ್ಯಾಯಾಲಯದ್ದು, ಪರದೆ ಜನರದ್ದು. ಆ ಜನರೇ ಪ್ರಸಾರದ ತುಣುಕು ಕತ್ತರಿಸಿ ಹಂಚತೊಡಗಿದಾಗ ಹೊಸ ತಿಕ್ಕಾಟ ಹುಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಈ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ವಿವಾದಾತ್ಮಕ ಮಾತುಗಳ ತುಣುಕು ದೇಶವೆಲ್ಲ ಹರಡಿ, ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆ ನ್ಯಾಯಮೂರ್ತಿ ವಿಷಾದ ವ್ಯಕ್ತಪಡಿಸಿದ್ದರಿಂದ ಪ್ರಕರಣ ಮುಗಿಯಿತು. ನೇರಪ್ರಸಾರವನ್ನು ನಿಲ್ಲಿಸುವುದು ಇದಕ್ಕೆ ಪರಿಹಾರವಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ಸ್ಪಷ್ಟಪಡಿಸಿತು.